ಮರಳಿನ ಹಾಸು

ಪ್ರವಾಸದ ಕೊನೆಯ ದಿನ ಕ್ಯೋಟೋದ ಗುಡಿಯೊಂದರ ಜಗುಲಿಯಲ್ಲಿ ಕೂತು ತೋಟ ನೋಡುತ್ತಿದ್ದೆವು. ತೋಟವೆಂದರೆ ಒಂದು ಹೂವೂ ಇಲ್ಲ, ಬಾಚಿ ಗೆರೆ ಮೂಡಿಸಿದ ಬಿಳಿ ಮರಳು ಅಷ್ಟೇ. ಬನಹಟ್ಟಿಯಲ್ಲಿ ನಲವತ್ತು ವರ್ಷ ಮಗ್ಗದ ಮುಂದೆ ಕಳೆದ ನನ್ನ ಯಜಮಾನರು ಕಣ್ಣು ಕಿರಿದು ಮಾಡಿ ಗೆರೆ ಎಣಿಸುತ್ತಿದ್ದರು.

“ಅಲ್ಲಿ ಒಂದ್ ಎಳಿ ಕಡದೈತಿ ನೋಡ.”

“ಸುಮ್ ಕುಂದರ್ರಿ. ಇದೇನ್ ನಿಮ್ಮ ಮಗ್ಗದ ಹಾಸಲ್ಲ.”

ಕೇಳಬೇಕಲ್ಲ! ಎದ್ದು ಹೋಗಿ, ತೋಟ ನೋಡಿಕೊಳ್ಳುವ ಮುದುಕನಿಗೆ ಕೈಮುಗಿದು, ಬೆರಳು ತೋರಿಸಿಯೇಬಿಟ್ಟರು. ಮುಖ ಎಲ್ಲಿ ಮುಚ್ಚಿಕೊಳ್ಳಲಿ ಎನಿಸಿತು ನನಗೆ. ಮುದುಕ ಮೊದಲು ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಕುಕ್ಕರಗಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿದ. ಒಂದು ಗೆರೆ ನಡುವೆ ಅಳಿಸಿಹೋಗಿತ್ತು. ಬಾಚುಕೋಲು ತಂದವನು ಅದೊಂದನ್ನೇ ತಿದ್ದಲಿಲ್ಲ; ಅಂಗಳವನ್ನೆಲ್ಲ ಸಪಾಟು ಮಾಡಿ ಮೊದಲಿನಿಂದ ಎಳೆಯತೊಡಗಿದ.

“ನಾವಾಗಿದ್ರ ಗಂಟ್ ಹಾಕಿ ಮುಂದ ಹೋಗತಿದ್ವಿ,” ಅಂದರು ಇವರು, ಸಣ್ಣ ದನಿಯಲ್ಲಿ.

ನೋಡಬೇಕೆಂದಿದ್ದ ಉಳಿದ ಗುಡಿಗಳು ಉಳಿದೇಬಿಟ್ಟವು. ಕೊನೆಯ ಗೆರೆ ಮುಗಿಸಿದ ಮುದುಕ ಇವರ ಕಡೆ ನೋಡಿದ. ಇವರು ಈ ದಡಿಯಿಂದ ಆ ದಡಿಗೆ ಕಣ್ಣಾಡಿಸಿ, “ಛಲೋ ಆತ್ರಿ,” ಅಂದರು. ಆಮೇಲೆಯೇ ಅವನು ಕೋಲನ್ನು ಹೆಗಲಿಗೇರಿಸಿದ್ದು.