ರುಜುವಿಲ್ಲದ ಹಾಳೆ

ಸಿರಿಲ್ ಸ್ಕಿಪ್‌ವರ್ತ್‌ಗೆ ಆಗ ಮೂವತ್ನಾಲ್ಕೇ ವರ್ಷ. ಆದರೂ ಲಿಂಕನ್‌ಶೈರಿನ ಆ ವಾಯುನೆಲೆಯಲ್ಲಿ ಎಲ್ಲರೂ ಅವನನ್ನು ಅಜ್ಜ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವವರಿಗೆ ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ, ಅದು ಬೇರೆ ಮಾತು. ಯುದ್ಧಕ್ಕೆ ಮುಂಚೆ ಊರಿನಲ್ಲಿ ಟ್ರ್ಯಾಕ್ಟರು, ಒಕ್ಕಣೆ ಯಂತ್ರ ರಿಪೇರಿ ಮಾಡಿಕೊಂಡಿದ್ದವನು ಈಗ ನಾಲ್ಕು ಎಂಜಿನ್ನಿನ ಭಾರಿ ಬಾಂಬರ್ ಒಂದನ್ನು ನೋಡಿಕೊಳ್ಳುತ್ತಿದ್ದ. ಅದರಲ್ಲಿ ಹಾರುವವರು ಏಳು ಜನ. ವಿಮಾನ ಮಾತ್ರ ತನ್ನದೆಂದು ಸಿರಿಲ್‌ನ ವಾದ.

ಅದಕ್ಕೆ ಆಧಾರ ಒಂದು ಪುಸ್ತಕ. ವಿಮಾನ ಸರಿಯಿದೆ ಎಂದು ಮೆಕ್ಯಾನಿಕ್ ಬರೆದುಕೊಡಬೇಕು, ಒಪ್ಪಿಕೊಂಡೆ ಎಂದು ಪೈಲಟ್ ರುಜು ಹಾಕಬೇಕು. ತಿರುಗಿ ಬಂದಮೇಲೆ ಅದೇ ಹಾಳೆಯ ಪಕ್ಕದ ಚೌಕದಲ್ಲಿ ಮತ್ತೆ ಮೆಕ್ಯಾನಿಕ್‌ನ ರುಜು. ಪೈಲಟ್ ಲೆನಾರ್ಡ್ ಪಾಸ್ಕೋ, ಕಾರ್ನ್‌ವಾಲ್ ಕಡೆಯ ಮೀನುಗಾರರ ಮನೆಯ ಹುಡುಗ. ಅವನು ಪೆನ್ಸಿಲ್ ಹಿಡಿದಾಗಲೆಲ್ಲ ಸಿರಿಲ್‌ನದು ಒಂದೇ ರಾಗ.

"ಎರವಲು ಕೊಡ್ತಿದೀನಿ ಸಾರ್, ದಾನ ಅಲ್ಲ. ಹೆಂಗೆ ತಗೊಂಡೋದ್ರೋ ಹಂಗೇ ವಾಪಸ್ ತರಬೇಕು."

"ಆಯ್ತಜ್ಜ, ಒರೆಸಿ ತರ್ತೀನಿ!"

ಹದಿನೆಂಟು ಸಲ ತಂದ. ಹತ್ತೊಂಬತ್ತನೆಯದು ಸಾವಿರದ ಒಂಬೈನೂರ ನಲವತ್ತನಾಲ್ಕರ ಮಾರ್ಚಿನಲ್ಲಿ.

ಅಂದು ಎಡಗಡೆಯ ರೆಕ್ಕೆಯ ಒಳಬದಿಯ ಎಂಜಿನ್ ಬೆಳಿಗ್ಗೆಯಿಂದಲೂ ಕೆಮ್ಮುತ್ತಿತ್ತು. ಸಿರಿಲ್ ಹನ್ನೆರಡೂವರೆಯ ಊಟ ಬಿಟ್ಟು ಪ್ಲಗ್ಗುಗಳನ್ನೆಲ್ಲ ಬದಲಾಯಿಸಿದ. ಕೆಮ್ಮು ನಿಂತಿತು. ಆದರೂ ಅವನಿಗೆ ಸಮಾಧಾನವಿಲ್ಲ. ಸಂಜೆ ಏಳು ಜನರೂ ಬಂದು ನಿಂತರೂ ಏಣಿಯ ಮೇಲೆ ಬಟ್ಟೆ ಹಿಡಿದು ಇನ್ನೂ ಉಜ್ಜುತ್ತಲೇ ಇದ್ದ.

"ಅಜ್ಜ, ಮದುವಣಗಿತ್ತಿ ಶೃಂಗಾರ ಮುಗೀತಾ? ಎಲ್ಲರೂ ಹೊರಟುಬಿಟ್ರು!" ಎಂದು ಪಾಸ್ಕೋ ಕೂಗಿದ.

ಸಿರಿಲ್ ಇಳಿದು ಪುಸ್ತಕ ತೆಗೆಯುವಷ್ಟರಲ್ಲಿ ಮುಂದಿನ ವಿಮಾನ ಹೊರಟಿತ್ತು. ಪಾಸ್ಕೋ ಬಾಗಿಲಲ್ಲಿ ಒಂದು ಕಾಲಿಟ್ಟಿದ್ದ. "ಬೆಳಿಗ್ಗೆ ಹಾಕ್ತೀನಿ ಬಿಡು. ನೀನೇನು ಓಡಿಹೋಗ್ತೀಯಾ?"

"ಹೋಗಿ, ಹೋಗಿ," ಎಂದುಬಿಟ್ಟ ಸಿರಿಲ್. ಆ ಒಂದು ಮಾತಿಗೆ ಅವನು ಆಮೇಲೆ ತನ್ನನ್ನು ತಾನೇ ಎಷ್ಟು ಬೈದುಕೊಂಡನೋ!

ಬೆಳಿಗ್ಗೆ ಅವರ ವಿಮಾನ ನಿಲ್ಲುವ ಜಾಗ ಖಾಲಿಯಾಗಿತ್ತು. ಸಿರಿಲ್ ಕೈಯಲ್ಲಿದ್ದ ಚಹಾ ಆರಿಹೋದರೂ ಹನ್ನೊಂದರವರೆಗೆ ಅಲ್ಲೇ ನಿಂತ. ಕಚೇರಿಯ ಸಾರ್ಜೆಂಟ್ ಟಿಂಡಲ್ ಬಂದು ಪುಸ್ತಕ ತಿರುವಿ ಹುಬ್ಬುಗಂಟಿಕ್ಕಿದ.

"ರುಜು ಎಲ್ಲಯ್ಯಾ? ನೀನೇ ಒಂದು ಗೀಚಿಬಿಡು. ಯಾರು ನೋಡ್ತಾರೆ?"

"ಗೀಚಲ್ಲ."

"ಹಾಗಾದ್ರೆ ವಿಮಾನ ಇನ್ನೂ ನಿನ್ನ ತಲೆ ಮೇಲೇ ಇದೆ, ಗೊತ್ತಾ?"

ಗೊತ್ತಿತ್ತು. ಅವನಿಗೆ ಗೊತ್ತಿದ್ದದ್ದು ಅದೊಂದೇ. ಪಾಸ್ಕೋ ರುಜು ಹಾಕಿ ಒಪ್ಪಿಕೊಂಡಿರದ ಎಂಜಿನ್ ಅದು; ತಾನು ಕೈಯಿಟ್ಟ ಎಂಜಿನ್. ಅದೇ ಕೈಕೊಟ್ಟಿದ್ದರೆ ಏಳು ತಾಯಂದಿರಿಗೆ ಏನು ಹೇಳುವುದು? ಹಾಳೆ ಹರಿದು ಜೇಬಿನಲ್ಲಿಟ್ಟುಕೊಂಡ. ಅದಕ್ಕಾಗಿ ಹದಿನಾಲ್ಕು ದಿನ ನೆಲೆಯ ಪಾಯಿಖಾನೆ ತೊಳೆದ. ತೊಳೆಯುವಾಗಲೂ ಒಂದೊಂದೇ ಪ್ಲಗ್ಗನ್ನು ಮನಸ್ಸಿನಲ್ಲೇ ಬಿಚ್ಚಿ ಹಾಕುತ್ತಿದ್ದ.

ಯುದ್ಧ ಮುಗಿಯಿತು. ಸಿರಿಲ್ ಊರಿನ ಶೆಡ್ಡಿಗೆ ಮರಳಿದ. ನಲವತ್ತಾರರ ಬೇಸಿಗೆಯ ಒಂದು ಮಧ್ಯಾಹ್ನ, ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದವನಿಗೆ ಒಂದು ಊರುಗೋಲು, ಎರಡು ಬೂಟು ಕಂಡವು.

"ಅಜ್ಜ, ಇಲ್ಲೂ ಉಜ್ಜೋದೇನಾ?"

ಪಾಸ್ಕೋ! ಅರ್ಧಕ್ಕರ್ಧ ಇಳಿದುಹೋಗಿದ್ದ. ಜರ್ಮನಿಯ ಸೆರೆ, ಆಮೇಲೆ ಆಸ್ಪತ್ರೆ. ಸಿರಿಲ್‌ನ ಹೆಂಡತಿ ಡೋರಾ ಚಹಾ ತಂದಳು. ಹವಾಮಾನದ ಮಾತಾಯಿತು, ರೇಷನ್ ಬ್ರೆಡ್ಡಿನ ಮಾತಾಯಿತು. ಕೇಳಬೇಕಾದ್ದನ್ನು ಮಾತ್ರ ಸಿರಿಲ್ ಮುಂದೂಡುತ್ತಲೇ ಇದ್ದ. ಕೊನೆಗೆ ನೆಲ ನೋಡುತ್ತ ಕೇಳಿದ.

"ಎಡಗಡೆ... ಒಳಗಿಂದು?"

ಪಾಸ್ಕೋಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಬಟ್ಟಲು ಕೆಳಗಿಟ್ಟ.

"ಅಯ್ಯೋ, ಎರಡು ವರ್ಷ ಇದನ್ನ ಹೊತ್ಕೊಂಡಿದ್ಯಾ? ಶತ್ರು ವಿಮಾನ ಹಿಂದಿನಿಂದ ಗುಂಡು ಹಾರಿಸ್ತು, ಅಜ್ಜ. ಐದು ಜನ ಅಲ್ಲೇ ಹೋದ್ರು. ಮೂರು ಎಂಜಿನ್ ಸತ್ತಮೇಲೆ ಓಡ್ತಾ ಇದ್ದಿದ್ದು ನಿಂದೊಂದೇ. ಅದು ಓಡ್ತಿತ್ತು ಅಂತ ನಾನೂ ರೇಡಿಯೋದ ಎಲ್ಲಿಸ್ ಹುಡುಗನೂ ಬಾಗಿಲವರೆಗೆ ಹೋಗಿ ಪ್ಯಾರಾಚೂಟಲ್ಲಿ ಧುಮುಕೋಕಾಯ್ತು. ಅವನೂ ಈಗ ಊರು ಸೇರಿದಾನೆ."

ಸಿರಿಲ್ ಎದ್ದು ಪೆಟ್ಟಿಗೆಯಿಂದ ಹಾಳೆ ತೆಗೆದ. ಮಡಿಕೆಗಳಲ್ಲಿ ಹರಿಯತೊಡಗಿತ್ತು. ಪಾಸ್ಕೋ ಅದನ್ನು ಮಂಡಿಯ ಮೇಲೆ ಹರಡಿಕೊಂಡು, ಪೈಲಟ್‌ನ ಚೌಕದಲ್ಲಿ ನಿಧಾನವಾಗಿ ರುಜು ಹಾಕಿದ.

"ವಾಪಸ್ ತರ್ಲಿಲ್ಲ ನಾನು," ಎಂದ. "ಯಾರನ್ನೂ ತರ್ಲಿಲ್ಲ."

ಸಿರಿಲ್ ಅವನ ಕೈಯಿಂದ ಪೆನ್ಸಿಲ್ ತೆಗೆದುಕೊಂಡ. ಪಕ್ಕದ ಚೌಕ ಇನ್ನೂ ಖಾಲಿಯಿತ್ತು. ಅದರಲ್ಲಿ, 'ಇಬ್ಬರು ಬಂದಿದ್ದಾರೆ' ಎಂದು ಬರೆದು, ಕೆಳಗೆ ತನ್ನ ರುಜು ಹಾಕಿದ.