ಜೀಪಿನ ಹಿಂದೆ ಹುಳುವಿನ ಪಾಲು

ನಮ್ಮ ಜೀಪಿನ ಹಿಂಭಾಗ ನನ್ನ ಅಡುಗೆಮನೆಯ ಕಟ್ಟೆಗಿಂತ ದೊಡ್ಡದೇನಲ್ಲ. ಆದರೂ ಅದರೊಳಗೆ ಏನಿರಲಿಲ್ಲ ಹೇಳಿ! ಟೊಮೇಟೊಗೆ ಹೊಡೆಯುವ ಔಷಧಿ, ಕಳೆ ಕತ್ತರಿಸುವ ಮೆಷಿನ್ನಿನ ಪೆಟ್ರೋಲ್ ಕ್ಯಾನು, ಹಗ್ಗ, ಗೋಣಿಚೀಲ, ಅದರ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ. ಗೌನಿಪಲ್ಲಿ ರಸ್ತೆಯಿಂದ ನಮ್ಮ ತೋಟಕ್ಕೆ ಇಳಿಯುವ ಬಂಡೆ ದಾರಿಯಲ್ಲಿ ಬೇರೆ ಗಾಡಿ ನಡೆಯುವುದಿಲ್ಲವೆಂದು ಯಜಮಾನರು ಈ ಹಳೆಯ ಪುಟ್ಟ ಜೀಪು ತಂದಿದ್ದರು. ಗಾಡಿ ಬಂದದ್ದು ದೇವರ ದಯೆ. ಆದರೆ ಔಷಧಿ ಸೋಕಿದ ಸೊಪ್ಪು ತಿಂದರೆ ರೇಷ್ಮೆ ಹುಳು ಉಳಿಯುವುದಿಲ್ಲ. ಬರೀ ವಾಸನೆಯೂ ಅದಕ್ಕೆ ಆಗದು.

ಹಾಗಾಗಿ ಹೊಸ ಹುಳು ತರುವ ಮೊದಲು ಆ ಜಾಗವನ್ನು ನಾನೇ ಒಪ್ಪ ಮಾಡಿದೆ. ತಗಡನ್ನು ಸೋಪು ಹಾಕಿ ಮೂರು ಸಲ ತೊಳೆದೆ. ಕೊಟ್ಟಿಗೆಗೆಂದು ತಂದು ಉಳಿದಿದ್ದ ಹೊಸ ರಬ್ಬರ್ ಮ್ಯಾಟನ್ನು ಗೇಣಿನಲ್ಲಿ ಅಳೆದು ಕತ್ತರಿಸಿ, ಅಂಚು ಮೇಲಕ್ಕೆ ಬರುವಂತೆ ಹಾಸಿದೆ. ಚೆಲ್ಲಿದ್ದು ತಗಡಿಗೆ ಇಳಿಯಬಾರದು, ಇಟ್ಟದ್ದು ಜಾರಬಾರದು. ಹಳೆ ಮಂಚದ ಹಲಗೆಯೊಂದನ್ನು ನಡುವೆ ನಿಲ್ಲಿಸಿದೆ. ಎಡಕ್ಕೆ ಔಷಧಿ, ಅದೂ ಬಿಗಿ ಮುಚ್ಚಳದ ಪೇಂಟ್ ಡಬ್ಬದೊಳಗೆ. ಬಲಭಾಗ ಹುಳುವಿಗೆ, ಅದರ ಸೊಪ್ಪಿಗೆ.

ನಮ್ಮತ್ತೆ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಮೂವತ್ತು ವರ್ಷ ಹುಳು ಸಾಕಿದವರು. ಮನೆಯಲ್ಲಿ ಹುಳು ಇರುವಷ್ಟು ದಿನ ಹೊಗೆಸೊಪ್ಪು ಬಾಯಿಗೆ ಹಾಕುತ್ತಿರಲಿಲ್ಲವಂತೆ. ಮಂಡಿ ನೋವು ಬಂದು ಹುಳುಮನೆಯನ್ನು ನನಗೆ ಒಪ್ಪಿಸಿದ ಮೇಲೆ ಎಲೆ ಅಡಿಕೆ, ಹೊಗೆಸೊಪ್ಪಿನ ಚೀಲ ಅವರ ಸೊಂಟ ಬಿಟ್ಟಿರಲಿಲ್ಲ. ಹೊಗೆಸೊಪ್ಪಿನ ವಾಸನೆಯೂ ಹುಳುವಿಗೆ ವಿಷವಾದ್ದರಿಂದ ಅವರು ಹುಳುಮನೆಗೆ ಬರುವಂತಿರಲಿಲ್ಲ. ಆಸ್ಪತ್ರೆಗೆ ಹೋಗುವಾಗಲೂ ಆ ಚೀಲವನ್ನು ಜೀಪಿನ ಬಲಭಾಗದಲ್ಲಿ ಇಡಬೇಡಿ ಎಂದು ಅವತ್ತು ಹೇಳಿಬಿಟ್ಟೆ.

"ಆಯ್ತಮ್ಮಾ, ಈಗ ನೀನೇ ಹುಳದ ಡಾಕ್ಟ್ರು" ಅಂದರು. ನಗುತ್ತಲೇ ಅಂದರು. ಆದರೆ ಗೋಡೆ ಹಿಡಿದು ಎದ್ದು ಒಳಗೆ ಹೋದರು.

ಮಾರನೆಯ ದಿನ ಶುಕ್ರವಾರ. ಅಷ್ಟು ಒಪ್ಪ ಮಾಡಿದ ಜಾಗಕ್ಕೆ ಪೂಜೆ ಮಾಡದೆ ಇರಲು ನನಗೆ ಮನಸ್ಸಾಗಲಿಲ್ಲ. ಅರಿಶಿನ ಕುಂಕುಮ ಇಟ್ಟು ಕರ್ಪೂರ ಬೆಳಗಿದೆ. ಉಳಿದಿದ್ದ ಔಷಧಿ ವಾಸನೆಯೂ ಹೋಗಲಿ ಎಂದು ಸಾಂಬ್ರಾಣಿ ಹೊಗೆ ತುಂಬಿ, ಟಾರ್ಪಾಲಿನ ಪರದೆ ಇಳಿಸಿ ಕಟ್ಟಿದೆ.

ಶನಿವಾರ ಕ್ಯಾಲನೂರಿನ ಕಡೆ, ಮೊಟ್ಟೆಯಿಂದ ಮರಿ ಮಾಡಿ ಸಾಕಿ ಕೊಡುವ ಚಾಕಿ ಕೇಂದ್ರದಿಂದ ಮರಿಹುಳು ತರಬೇಕಿತ್ತು. ಎರಡನೇ ಜ್ವರ ಎದ್ದ ಹುಳುಗಳು, ಅಂದರೆ ಎರಡು ಸಲ ಪೊರೆ ಬಿಟ್ಟು ಹಸಿದವು. ಬಿಸಿಲೇರುವ ಮೊದಲೇ ಮನೆ ಸೇರದಿದ್ದರೆ ದಾರಿಯಲ್ಲೇ ಬಾಡುತ್ತವೆ. ಈ ಸಲದ ಬೆಳೆಯೆಲ್ಲ ಆ ಮರಿಗಳೇ. ಬೆಳಗಿನ ತಂಪಿನಲ್ಲಿ ಹೊರಡಲೆಂದು ನಾನು ಪರದೆ ಬಿಚ್ಚುತ್ತಿದ್ದಂತೆ, ಕಳಿಸಿಕೊಡಲು ಬಂದಿದ್ದ ಅತ್ತೆ ನಿಂತಲ್ಲೇ ಮೂಗು ಎಳೆದರು.

"ಒಳಗೇನ್ ಹಚ್ಚಿದ್ದೆ?"

ಪೂಜೆಯ ವಿಷಯ ಸಂತೋಷವಾಗಿಯೇ ಹೇಳಿದೆ.

"ದೇವ್ರಿಗೆ ಆಗೋ ಹೊಗೆ ಹುಳಕ್ಕೆ ಆಗಲ್ಲ ಕಣಮ್ಮ. ಹುಳದ ಮನೇಲಿ ಒಂದ್ ಊದುಬತ್ತಿನಾದ್ರೂ ಹಚ್ಚಿದ್ದೀಯಾ ನೀನು?"

ಹಚ್ಚಿರಲಿಲ್ಲ. ಹುಳುಮನೆಯ ಹೊಸ್ತಿಲಲ್ಲಿ ಕೈಕಾಲು ತೊಳೆದು, ಬರೀ ಕೈ ಮುಗಿದು ಒಳಗೆ ಹೋಗುವವಳು ನಾನು. ಜೀಪನ್ನು ಮಾತ್ರ ಗಾಡಿಯೆಂದೇ ನೋಡಿದ್ದೆ. ಅವರ ಚೀಲವನ್ನು ಹೊರಗಿಟ್ಟು ನನ್ನ ಹೊಗೆಯನ್ನು ಒಳಗೆ ತುಂಬಿದ್ದೆ. ಅತ್ತೆಯ ಮುಖ ನೋಡಲು ಧೈರ್ಯ ಬರಲಿಲ್ಲ.

ಅವರು ಬೈಯಲಿಲ್ಲ. ರಬ್ಬರು ಹಿಡಿದ ವಾಸನೆ ಬಿಡುವುದಿಲ್ಲ, ಮ್ಯಾಟು, ಹಲಗೆ, ಟಾರ್ಪಾಲು ಎಲ್ಲ ಬಿಚ್ಚಿ ಬರೀ ತಗಡು ತೊಳೆಯಿರಿ ಅಂದರು. ತೊಟ್ಟಿ ತುಂಬ ನೀರಿತ್ತು, ಅದೂ ದೇವರ ದಯೆ. ಯಜಮಾನರು ಬಕೆಟ್ ಹೊತ್ತರು, ನಾನು ಉಜ್ಜಿದೆ. ಹೊಗೆಯ ವಾಸನೆ ಹೋಯಿತು. ಆದರೆ ಈಗ ಮೇಲೆ ನೆರಳಿಲ್ಲ, ಕೆಳಗೆ ಮರಿಹುಳು ತರುವ ಟ್ರೇಗಳು ಜಾರದಂತೆ ತಡೆಯಲು ಏನೂ ಇಲ್ಲ.

ತಿರುಗಿ ನೋಡಿದರೆ ಅತ್ತೆ ತಲೆಗೆ ನೀರು ಹಾಕಿಕೊಂಡು, ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿ, ಬೇರೆ ಸೀರೆ ಉಟ್ಟು ನಿಂತಿದ್ದರು. ಸೊಂಟದಲ್ಲಿ ಚೀಲ ಇರಲಿಲ್ಲ. ಕೈಯಲ್ಲಿ ಅವರದೇ ಇನ್ನೊಂದು ಹತ್ತಿ ಸೀರೆ, ನೀರಲ್ಲಿ ಅದ್ದಿ ಹಿಂಡಿದ್ದು.

"ಇದನ್ನ ಮೇಲೆ ಹೊದಿಸಾಣ. ಟ್ರೇ ಒಂದ್ ಕಡೆ ನೀನ್ ಹಿಡ್ಕೊ, ಒಂದ್ ಕಡೆ ನಾನ್ ಹಿಡ್ಕೊತೀನಿ."

ಯಜಮಾನರು ತಾಯಿಯನ್ನು ಎತ್ತಿ ಕೂರಿಸಿದರು. ಕಾಲು ಚಾಚಿ ಕೂತದ್ದು ಅದೇ ಬಲಭಾಗದಲ್ಲಿ.

ಮರಿ ತುಂಬಿಕೊಂಡು ಬರುವಾಗ ರಸ್ತೆಯಲ್ಲಿ ಹಳ್ಳ ಬಂದಾಗಲೆಲ್ಲ ಇಬ್ಬರೂ ಅಂಗೈಯಿಂದ ಟ್ರೇ ಒತ್ತಿ ಹಿಡಿದೆವು. ಮಂಡಿ ನೋಯುತ್ತಾ ಎಂದು ಶ್ರೀನಿವಾಸಪುರದ ಹತ್ತಿರ ಕೇಳಿದೆ. ಹುಳ ನೋಡ್ಕೊ ಅಂದರು. ಅವರ ತುಟಿ ಬಿಗಿದಿತ್ತು.

ಮನೆಗೆ ಬಂದು ಸೊಪ್ಪು ಹಾಕಿ ಕಾದೆ. ಹೊಗೆ ತಾಗಿ ಕೆಟ್ಟ ಹುಳುವಾದರೆ ತಲೆ ಆಡಿಸಿ ಹಸಿರು ನೀರು ಕಕ್ಕುತ್ತದೆ. ಬಾಯಲ್ಲಿ ದೇವರ ಹೆಸರು, ಕಣ್ಣು ಎಲೆಯ ಮೇಲೆ. ಎಷ್ಟೋ ಹೊತ್ತಿನ ಮೇಲೆ ಒಂದು ಎಲೆಯ ಅಂಚು ಸಣ್ಣಗೆ ಕಚ್ಚಿದಂತೆ ಕಂಡಿತು. ಪಕ್ಕದಲ್ಲಿ ಇನ್ನೊಂದು. "ತಿಂತಾವೆ" ಅಂದರು ಅತ್ತೆ, ಹೊಸ್ತಿಲ ಹೊರಗಿನಿಂದ. ನಾನು ಅವರ ಕೈ ಹಿಡಿದು ಒಳಗೆ ಕರೆದೆ.

ಹುಳುಗಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟ ದಿನ, ಅತ್ತೆ ಅವತ್ತೇ ಮೊಳೆಗೆ ನೇತು ಹಾಕಿದ್ದ ಎಲೆ ಅಡಿಕೆ ಚೀಲವನ್ನು ನಾನೇ ತೆಗೆದು ಕೊಟ್ಟೆ. ಅವರು ಅದರ ದಾರ ಸಡಿಲಿಸಿದರು, ಒಮ್ಮೆ ಮೂಸಿದರು, ಮತ್ತೆ ಬಿಗಿದರು.

"ಅಲ್ಲೇ ಇರ್ಲಿ ಬಿಡೇ. ಗೂಡ್ ಬಿಡಿಸಿದ್ ಮೇಲೆ ಮತ್ತೆ ಮರಿ ತರಕ್ಕೆ ಹೋಗ್ಬೇಕಲ್ಲ. ಟ್ರೇ ಯಾರ್ ಹಿಡ್ಕೊತಾರೆ?"

ಮ್ಯಾಟು ಬಿಸಿಲಲ್ಲಿ ಒಣಗಿ ವಾಸನೆ ಹೋಗಿದೆ, ಇನ್ನು ಟ್ರೇ ಜಾರುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಹೇಳಲಿಲ್ಲ. ಚೀಲವನ್ನು ಮೊಳೆಗೆ ಹಾಕಿ, ಜೀಪಿನ ಬಲಭಾಗದಲ್ಲಿ ಅವರು ಕೂರಲು ಹಳೆ ಸೀರೆಯದೊಂದು ದಿಂಬು ಹೊಲಿಯಲು ಕೂತೆ.