ಮಲ್ಲಿಗೆಯ ಬಿಳಿಯನ್ನು ಸೇವ್ ಮಾಡಿಟ್ಟವರು

ಮೊನ್ನೆ ಗಿರಾಕಿಯೊಬ್ಬರು ಬಾಳೆನಾರಿನಲ್ಲಿ ಕಟ್ಟಿದ ಶಂಕರಪುರದ ಮಲ್ಲಿಗೆಯ ಚೆಂಡೊಂದನ್ನು ನನ್ನ ಎಡಿಟಿಂಗ್ ಮೇಜಿನ ಮೇಲಿಟ್ಟು ಹೋದರು. ಮುಚ್ಚಿದ ಕೋಣೆಯಲ್ಲಿ ಪರಿಮಳ ತುಂಬಿದ್ದೇ ತಡ, ಕಾಪುವಿನ ಸ್ಟುಡಿಯೋ ಅಣ್ಣ ಪಕ್ಕದಲ್ಲಿ ಬಂದು ಕೂತಂತಾಯಿತು…

ಮದುವೆ ವಿಡಿಯೋ ಎಡಿಟಿಂಗ್ ನಾನು ಕಲಿತದ್ದು ಅವರಿಂದ. ನಮ್ಮ ಕಡೆ ಮದುಮಗಳ ಮುಖಕ್ಕಿಂತ ಮೊದಲು ಜಡೆಯ ಮಲ್ಲಿಗೆ ನೋಡುವವರೇ ಹೆಚ್ಚು. ಮದುವೆ ಹಾಲ್‌ಗಳಿಗೆ ನೇರಳೆ ದೀಪ ಬಂದ ಮೇಲೆ ಅದೇ ಮಲ್ಲಿಗೆ ವಿಡಿಯೋದಲ್ಲಿ ನೀಲಿಗಟ್ಟತೊಡಗಿತು. "ಹೂವಿಗೆ ಎಂತ, ಶಾಯಿ ಚೆಲ್ಲಿದ್ದಾ?" ಎಂದು ತಾಯಂದಿರು ಕೇಳುತ್ತಿದ್ದರು. ಅಣ್ಣ ಹಠ ಹಿಡಿದು ಕೂತು, ಸೀರೆಯ ಬಣ್ಣ ಕೆಡದಂತೆ ಹೂವನ್ನು ಬಿಳಿಗೆ ತಂದರು. ಆ ಹೊಂದಿಕೆಯನ್ನು ಒಂದು ಎಫೆಕ್ಟ್ ಮಾಡಿ, ಹಾಲ್‌ನ ಹೆಸರಿಟ್ಟು ಸೇವ್ ಮಾಡಿದರು. ಅದೇ ಹಾಲ್‌ನ ಮುಂದಿನ ಮದುವೆಯ ವಿಡಿಯೋ ಮೇಲೆ ಅದನ್ನು ಎಳೆದು ಹಾಕಿದರೆ ಆಯಿತು.

"ಸೇವ್ ಮಾಡದೆ ಏಳುವುದು, ಹಾಲು ಕರೆದು ಅಂಗಳಕ್ಕೆ ಚೆಲ್ಲಿದ ಹಾಗೆ ಮಾರಾಯ್ತಿ" ಎನ್ನುತ್ತಿದ್ದರು. ನಾನೊಮ್ಮೆ ಹಾಲ್‌ನ ಮಬ್ಬಿಗೆ ಏರಿಸಿದ್ದ ಬೆಳಕನ್ನೂ ಸೇರಿಸಿ ಸೇವ್ ಮಾಡಿ, ಅದನ್ನೇ ಕಾಪು ಬೀಚಿನ ಶಾಟ್‌ಗೆ ಹಾಕಿದೆ. ಬಿಳಿ ಪಂಚೆಯ ಮದುಮಗ ಬಿಸಿಲಲ್ಲಿ ಕಾಣದೇ ಹೋದ. "ಮದುಮಗ ಎಲ್ಲಿ? ಈಜ್ಲಿಕ್ಕೆ ಹೋದ್ನಾ?" ಎಂದರು ಅಣ್ಣ. ನೀವೂ ಕೇಳಿಟ್ಟುಕೊಳ್ಳಿ: ಬಣ್ಣವನ್ನಷ್ಟೇ ಸೇವ್ ಮಾಡಿ, ಬೆಳಕನ್ನು ಪ್ರತಿ ಸಲ ಕೈಯಲ್ಲೇ ಹೊಂದಿಸಿ. ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇರಲಿ.

ಕಾಯಿಲೆಯಿಂದ ಅವರಿಗೆ ಕೂರಲಾಗದಾದಾಗ, ಒಪ್ಪಿಕೊಂಡಿದ್ದ ಕಾರ್ಕಳದ ಮದುವೆಗೆ ನನ್ನನ್ನು ಕಳುಹಿಸಿದರು. ಬೆಳಗಿನ ಧಾರೆಯ ವಿಡಿಯೋ ಸಂಜೆಯ ರಿಸೆಪ್ಶನ್‌ನಲ್ಲಿ ಪರದೆಗೆ ಬರಬೇಕು. ತಪ್ಪಿದರೆ ಅಣ್ಣನ ಮಾತು ಹೋಗುತ್ತಿತ್ತು. ನನ್ನನ್ನಂತೂ ಮತ್ತೆ ಯಾರೂ ಕರೆಯುತ್ತಿರಲಿಲ್ಲ.

ಮದುಮಗನ ಸೋದರಮಾವ ಬಂದು ಲ್ಯಾಪ್‌ಟಾಪ್ ಇಣುಕಿದರು. "ಅವರು ಬರ್ಲಿಲ್ವಾ? ನಿಮ್ಮೊಬ್ಬರಿಂದ ಆಗ್ಲಿಕ್ಕುಂಟಾ?"

"ಆದ್ರೆ ಆಲ್ಬಮ್ ಕೆಲಸವೂ ನನಗೇ ಕೊಡ್ತೀರಾ?"

"ಮೊದಲು ಆಗ್ಲಿ, ಮತ್ತೆ ನೋಡುವ."

"ನೋಡುವುದೆಂತ, ಈಗಲೇ ಹೇಳಿ."

ಅವರು ನಕ್ಕು ಒಪ್ಪಿದರು.

ಅಣ್ಣ ಕೊಟ್ಟಿದ್ದ ಪೆನ್‌ಡ್ರೈವ್‌ನಲ್ಲಿ ಆ ಹಾಲ್‌ನ ಹೆಸರಿನ ಎಫೆಕ್ಟ್ ಇತ್ತು. ಎಳೆದು ಹಾಕಿದೆ, ನೇರಳೆ ಇಳಿಯಿತು. ಆದರೆ ಮಂಟಪಕ್ಕೆ ಹೊಸದಾಗಿ ಕೆಂಪು ದೀಪ ಹಾಕಿದ್ದರು, ಅದು ಅಣ್ಣನ ಎಫೆಕ್ಟ್‌ಗೆ ಜಗ್ಗಲಿಲ್ಲ. ಅವರ ಕೆಲಸದ ಮೇಲೆ ನನ್ನದೊಂದು ಹೊಂದಿಕೆ ಸೇರಿಸಿದೆ. ಸಂಜೆ ಪರದೆ ಬೆಳಗಿದಾಗ ಮದುಮಗಳ ತಾಯಿ ಎದ್ದೇ ನಿಂತರು: "ನೋಡಿ, ಮಲ್ಲಿಗೆ ಈಗ ಮುಡಿದ ಹಾಗುಂಟು!" ಚಪ್ಪಾಳೆಯ ನಡುವೆಯೇ ಸೋದರಮಾವನ ಕೈಯಿಂದ ಆಲ್ಬಮ್‌ನ ಮುಂಗಡ ತೆಗೆದುಕೊಂಡೆ.

ಅಣ್ಣನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ, "ಕೆಂಪು ದೀಪದ್ದು ಸೇವ್ ಮಾಡಿದ್ಯಾ?" ಎಂದರು.

"ಆಗಲೇ ಮಾಡಿದೆ."

"ಹಾಗಾದ್ರೆ ಕಾರ್ಕಳ ಇನ್ನು ನಿನ್ನದು" ಎಂದರು. ಹೊಗಳಿದ್ದು ಅದೊಂದೇ ಸಲ…

ಮರುವರ್ಷ ಅವರು ತೀರಿಹೋದರು. ಈಗ ಉಡುಪಿಯಲ್ಲಿ ನನ್ನದೇ ಸ್ಟುಡಿಯೋ. ಪಡುಬಿದ್ರಿಯಿಂದ ಹೆಬ್ರಿಯವರೆಗೆ ನನ್ನಲ್ಲಿ ಎಫೆಕ್ಟ್ ಇಲ್ಲದ ಹಾಲ್ ಇಲ್ಲ. ಕಾರ್ಕಳದವರು ಫೋನ್ ಮಾಡಿದರೆ ಚೌಕಾಸಿಗೆ ಮೊದಲು, "ನೀವು ಅವರ ಶಿಷ್ಯೆ ಅಲ್ವಾ?" ಎನ್ನುತ್ತಾರೆ.

"ಹೌದು. ಅದಕ್ಕೇ ರೇಟ್ ಇಳಿಯುವುದಿಲ್ಲ" ಎನ್ನುತ್ತೇನೆ. ಒಪ್ಪುತ್ತಾರೆ. ಫೋನ್ ಇಟ್ಟ ಮೇಲೆ, ಈ ಗೆಲುವನ್ನು ಹೇಳಿ ನಗೋಣವೆಂದರೆ ಅಣ್ಣನೇ ಇಲ್ಲ.